ಕಿಶೋರನ ಟ್ರೇ

"ಅಪ್ಪಾ, ಆ ಮನುಷ್ಯಾ ನಿಮ್ಮನ್ನೇ ನೋಡಲತ್ತಾನ್ರಿ," ಎಂದಳು ತ್ರಿವೇಣಿ.

ಅರಬ್ಬರ ಹಳೆಯ ಪೇಟೆ ಮತ್ರಾ ಸೂಕಿನ ಓಣಿಯಲ್ಲಿ ಲೋಬಾನದ ಧೂಪ ಮಾರುವ ಮುದುಕ ಶರ್ಫುದ್ದೀನ್ ತಕ್ಕಡಿ ಬಿಟ್ಟು ಎದ್ದು ಬರುತ್ತಿದ್ದ. ಅಪ್ಪ ಭೀಮರಾಯ ಅಂಗಿಯ ಕಾಲರ್ ಸರಿಮಾಡಿಕೊಂಡ. ಇಪ್ಪತ್ತೆಂಟು ವರ್ಷ ಹಿಂದಿ ಸಿನೆಮಾದಲ್ಲಿ ಕಾಮಿಡಿ ಮಾಡಿದವನು ಅವನು. ಆಳು, ಕುಡುಕ, ತೊದಲುವ ಪುರೋಹಿತ. ನಾಯಕನಿಂದ ಏಟು ತಿನ್ನುವ ಯಾವ ಪಾತ್ರವಾದರೂ ಸರಿ. ಅಷ್ಟೂ ವರ್ಷ ಶಹಾಪುರದಲ್ಲಿ ಹೆಂಡತಿ ನಾಗವ್ವ ಮಗಳನ್ನು ಒಬ್ಬಳೇ ಬೆಳೆಸಿದಳು. ಅವಳು ಸತ್ತ ಮೇಲೆ ತ್ರಿವೇಣಿ ಅವನನ್ನು ಇಲ್ಲಿಗೆ, ಗಲ್ಫಿನ ಮವಾಲೇಹದ ತನ್ನ ಮನೆಗೆ ಕರೆತಂದಳು. ಊಟ, ಗುಳಿಗೆ ಎಲ್ಲ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದಳು. ಸಿನೆಮಾದ ಮಾತು ಎತ್ತುತ್ತಿರಲಿಲ್ಲ. ನಿನ್ನೆ ಮಾತ್ರ, ಬಟ್ಟೆ ಮಡಚುತ್ತ, "ನಮ್ಮನ್ನ ಬಿಟ್ಟು ಹೋಗಿ ಅಲ್ಲಿ ಏನ್ ಗಳಿಸಿದ್ರಿ, ಅದನ್ನರ ಹೇಳ್ರಿ," ಎಂದಿದ್ದಳು.

"ಅರೇ, ಚಾಯ್‌ವಾಲಾ ನೌಕರ್! ಆಪ್ ವಹೀ ಹೈಂ ನಾ?" ಶರ್ಫುದ್ದೀನ್ ಭೀಮರಾಯನ ಎರಡೂ ಕೈ ಹಿಡಿದುಕೊಂಡ. ಚಹಾದ ಆಳಿನ ಆ ದೃಶ್ಯವನ್ನು ಕ್ಯಾಸೆಟ್ ಸವೆಯುವವರೆಗೆ ನೋಡಿದ್ದನಂತೆ. ಯಜಮಾನ ಬೈಯುತ್ತಾನೆ, ಒಂದೊಂದು ಬೈಗುಳಕ್ಕೂ ಆಳು ಒಂದೊಂದು ಕಪ್ ಚಹಾ ತಾನೇ ಕುಡಿದು, ಕೊನೆಗೆ ಬರಿಯ ಟ್ರೇಯನ್ನು ಭಕ್ತಿಯಿಂದ ಮುಂದೆ ಹಿಡಿಯುತ್ತಾನೆ.

ಅದನ್ನು ಮಾಡಿದವನು ಕಿಶೋರ್. ದಾದರಿನ ಖೋಲಿಯಲ್ಲಿ ಭೀಮರಾಯನ ಜೊತೆಗಿದ್ದವನು. ಹದಿನೈದು ದಿನ ಲೋಟಗಳಲ್ಲಿ ನೀರು ತುಂಬಿಕೊಂಡು ತಾಲೀಮು ಮಾಡಿದ್ದ. ಎದುರು ಕೂತು ಬೈಯುತ್ತಿದ್ದವನು ಭೀಮರಾಯ. ಆಮೇಲೆ ಕಿಶೋರ್ ಕುಡಿದು ಕುಡಿದು ಸತ್ತ.

ತ್ರಿವೇಣಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಹಾಂ," ಎಂದ ಭೀಮರಾಯ. "ಮೈ ಹೀ ಹೂಂ."

"ಏಕ್ ಬಾರ್, ಬಸ್ ಏಕ್ ಬಾರ್!" ಒಮ್ಮೆ ಮಾಡಿ ತೋರಿಸೆಂದು ಮುದುಕ ಪುಟ್ಟ ಪುಟ್ಟ ಕಪ್ಪುಗಳಲ್ಲಿ ಅರಬ್ ಕಾಫಿ ಕಹ್ವಾ ಸುರಿದು ಟ್ರೇ ಕೈಗಿತ್ತ. ತಾನೇ ಯಜಮಾನನಾಗಿ ಅರಬಿಯಲ್ಲಿ ಬೈಯತೊಡಗಿದ. ಭೀಮರಾಯ ಕಿಶೋರನ ಹಾಗೆ ಕತ್ತು ಕುಗ್ಗಿಸಿದ, ಕಿಶೋರನ ಹಾಗೆ ಬಲ ಹುಬ್ಬು ಏರಿಸಿದ, ಗುಟುಕರಿಸಿದ. ಅಕ್ಕಪಕ್ಕದ ಅಂಗಡಿಯವರು ಬಂದು ನಿಂತರು. ಬರಿಯ ಟ್ರೇ ಚಾಚಿದಾಗ ತ್ರಿವೇಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ಅವನು ಕಂಡಿರಲೇ ಇಲ್ಲ.

ಇಬ್ಬರೂ ಕಡಲದಂಡೆಯ ರಸ್ತೆಗೆ ಬಂದರು.

"ಚಲೋ ಮಾಡಿದ್ರಿ," ಎಂದಳು. "ಖರೆ, ಪಿಚ್ಚರ್ದಾಗ ಅದು ನೀವಲ್ಲ."

ಭೀಮರಾಯ ನಿಂತುಬಿಟ್ಟ.

"ಟಿವ್ಯಾಗ ಅದು ಬಂದಾಗೆಲ್ಲ ಅವ್ವ ನನ್ನ ಎಳಕೊಂಡು ಬಂದು ಕೂಡಸ್ತಿದ್ಲು. ನೀವು ಹಿಂದ, ಬಾಗಲ ಹತ್ರ, ಪೊಲೀಸ್ ಡ್ರೆಸ್ಸಿನ್ಯಾಗ. ಓಣಿ ಮಂದೆಲ್ಲ ಚಹಾದವನ್ನ ನೋಡಿ ನಗ್ತಿದ್ರು. ನಾವಿಬ್ರೂ ನಿಮ್ಮನ್ನ ನೋಡ್ತಿದ್ವಿ."

"ನಾ ಅದ್ರಾಗ ಏನೂ ಮಾಡಿಲ್ಲವ್ವಾ. ಬರೇ ನಿಂತೀನಿ."

"ಹೆಂಗ್ ನಿಂತಿದ್ರಿ, ತೋರಸ್ರಿ."

ಅವನು ಕೈಯಲ್ಲಿದ್ದ ಚೀಲವನ್ನು ಅವಳಿಗೆ ಕೊಟ್ಟ. ಕಂಬಿಯ ಪಕ್ಕಕ್ಕೆ ಹೋಗಿ ಹಿಮ್ಮಡಿ ಕೂಡಿಸಿ, ಹೊಟ್ಟೆ ಒಳಗೆಳೆದುಕೊಂಡು, ಗದ್ದ ಎತ್ತಿ ನಿಂತ. ವಾಕಿಂಗ್ ಬಂದವರು ಅವನನ್ನು ಬಳಸಿಕೊಂಡು ಮುಂದೆ ಹೋದರು. ತ್ರಿವೇಣಿ ಚೀಲ ಎದೆಗವಚಿಕೊಂಡು ನೋಡುತ್ತಿದ್ದಳು. ಅವನು ರೆಪ್ಪೆ ಬಡಿಯಲಿಲ್ಲ.