ಕೊಪ್ಪೆ ಹೊದ್ದ ಕಣ್ಣು

ನಾಗವೇಣಿ ಬೇವಿನ ಕಡ್ಡಿಯ ತುದಿಯನ್ನು ಚೂಪು ಮಾಡಿಕೊಂಡು, ರಿಮೋಟಿನ ಹೊಟ್ಟೆಯೊಳಗಿನ ಸ್ಪ್ರಿಂಗಿಗೆ ಹತ್ತಿದ ಹಸಿರು ಕಿಲುಬನ್ನು ಕೆರೆಯುತ್ತಿದ್ದಳು. ಹೊಸ್ತಿಲ ಮೇಲೆ ಹಾಸಿದ ಹಳೆಯ ಕುಪ್ಪಸದ ತುಂಡಿನಲ್ಲಿ ಎರಡು ಸೆಲ್ಲು, ಒಂದು ಮುಚ್ಚಳ, ಉದುರಿದ ಕಿಲುಬಿನ ಪುಡಿ. ಮಂಚದ ಮೇಲೆ ದಿಂಬಿಗೊರಗಿ ಕೂತ ಅವ್ವ ಗೋಪಮ್ಮ ಅದನ್ನೇ ನೋಡುತ್ತಿದ್ದಳು. ಲಕ್ವ ಹೊಡೆದು ಅವ್ವನ ಮಾತು ಹೋಗಿ ಹತ್ತು ತಿಂಗಳಾಗಿತ್ತು. ಮಗಳಿಗೆ ಹುಟ್ಟಿದಾಗಿನಿಂದಲೇ ಮಾತು ಕಡಿಮೆ.

ಸೆಲ್ಲು ಹಾಕಿ, ಮುಚ್ಚಳ ಕೂಡಿಸಿ, ರಿಮೋಟನ್ನು ಅವ್ವನ ಎಡಗೈಗೆ ಕೊಟ್ಟಳು. ಗೋಪಮ್ಮ ಮೂಲೆಯಲ್ಲಿದ್ದ ಕಂಪ್ಯೂಟರಿನ ಕಡೆ ಅದನ್ನು ಹಿಡಿದು ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಮುಂಜಾನೆ ಇದೇ ಗುಂಡಿಗೆ ಹಾಡು ನಿಂತಿತ್ತು, ಮತ್ತೆ ಹೊರಟಿತ್ತು. ಈಗ ಮಧ್ಯಾಹ್ನ ಹನ್ನೆರಡು. ಅಣ್ಣ ಗೌತಮ ರಾಯಚೂರಿನ ಬಸ್ಸು ಇಳಿಯಲು ಇನ್ನು ಅರ್ಧ ತಾಸು ಇರಬಹುದು.

ಹೋದ ಐತ್ವಾರ ಅವನು ಹೇಳಿಯೇ ಹೋಗಿದ್ದ. "ಅವ್ವ ಹಾಡ ಹಚ್ಚಿದ್ರ ಗ್ವಾಡಿ ಕಡಿ ಮಾರಿ ಮಾಡ್ತಾಳ. ಕಂಪ್ಯೂಟರ್ ಸುಮ್ನ ಧೂಳ ತಿನ್ನಾಕತ್ತೇದ. ಸುಮಂಗಲಾಗ ಪಾಠ ಹೇಳಾಕ ಬೇಕಾಗೇದ, ಬರೋ ಐತ್ವಾರ ಒಯ್ತೀನಿ." ಸುಮಂಗಲಾ ಅವನ ಹೆಂಡತಿ. ಅವನು ಕಾಲೇಜಿನಲ್ಲಿ ಉಪನ್ಯಾಸಕ. ಏಳನೇ ತರಗತಿಗೆ ಶಾಲೆ ಬಿಟ್ಟ ತಂಗಿ ಅವನೆದುರು ಏನನ್ನೂ ಬೇಡ ಎಂದವಳಲ್ಲ.

ಮಾನ್ವಿಯ ಕಾಲುವೆ ಸೀಮೆಯಲ್ಲಿ ನೆಲ್ಲು ಹಚ್ಚುವ ಹೆಂಗಸರಿಗೆಲ್ಲ ಗೋಪಮ್ಮನ ಗುಂಪು ಗೊತ್ತು. ದೇವದುರ್ಗದ ಕಡೆಯ ಅರಕೇರಾದಿಂದ ಕೂಲಿಗೆಂದು ಬಂದು ಇಲ್ಲೇ ನಿಂತವಳು. ಬರುವಾಗ ತನ್ನ ತಾಯಿಯ ಬೀಸುವ ಪದಗಳನ್ನು ತಂದಿದ್ದಳು. ಅವಕ್ಕೆ ಕೆಸರು, ಕಾಲುವೆ, ಸಸಿಯ ಮಾತು ಸೇರಿಸುತ್ತ ಸೇರಿಸುತ್ತ ನಾಟಿಯ ಹಾಡು ಮಾಡಿದ್ದಳು. ಅವಳು ದನಿ ಎತ್ತಿದರೆ ಇಪ್ಪತ್ತು ಬೆನ್ನು ಒಟ್ಟಿಗೆ ಬಾಗುತ್ತಿದ್ದವು, ನಲವತ್ತು ಕಾಲು ಒಟ್ಟಿಗೆ ಹಿಂದೆ ಸರಿಯುತ್ತಿದ್ದವು. ಆ ಸಾಲಿನ ಕೊನೆಯಲ್ಲಿ ನಾಗವೇಣಿಯೂ ಇರುತ್ತಿದ್ದಳು. ತುಟಿ ಆಡಿಸುತ್ತಿದ್ದಳೇ ಹೊರತು ಅವಳ ದನಿಯನ್ನು ಯಾರೂ ಕೇಳಿರಲಿಲ್ಲ.

ಮೂರು ವರ್ಷದ ಕೆಳಗೆ ಗೌತಮ ಗದ್ದೆಯ ಬದುವಿನಲ್ಲಿ ನಿಂತು ಅರವತ್ತೆರಡು ಹಾಡು ರೆಕಾರ್ಡ್ ಮಾಡಿ, ತನ್ನ ಹಳೆಯ ಕಂಪ್ಯೂಟರಿಗೆ ತುಂಬಿ ಮನೆಯಲ್ಲಿಟ್ಟಿದ್ದ. ಪ್ರತಿ ಹಾಡಿನ ಮೊದಲಿಗೆ ಕೆಸರಿನಿಂದ ಕಾಲು ಕೀಳುವ ಸದ್ದು, ಆಮೇಲೆ ಅವ್ವನ ದನಿ. ಲಕ್ವದ ನಂತರ ಗೋಪಮ್ಮನಿಗೆ ಒಂದೇ ಹಟ ಉಳಿದಿತ್ತು: ಈ ಹಾಡುಗಳನ್ನು ಮಗಳಿಗೆ ದಾಟಿಸಬೇಕು. ಆದರೆ ರೆಕಾರ್ಡಿನಲ್ಲಿ ದನಿ ತಿರುಗುವ ಜಾಗಗಳನ್ನೆಲ್ಲ ಇಪ್ಪತ್ತು ಹೆಂಗಸರ ಸೊಲ್ಲು ಮುಚ್ಚಿಬಿಟ್ಟಿತ್ತು. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂದು ಗೊತ್ತಿದ್ದವಳು ಅವಳೊಬ್ಬಳೇ. ಮಗಳ ಗುನುಗು ತಪ್ಪಿದ ಕಡೆ ಮಂಚದ ಪಟ್ಟಿಗೆ ಬಡಿಯುವಳು. ನಾಗವೇಣಿ ಓಡಿ ಮೌಸ್ ಹಿಡಿದು ಹಿಂದಕ್ಕೆ ಎಳೆಯುವಷ್ಟರಲ್ಲಿ ಹಾಡು ಇನ್ನೆಲ್ಲೋ ಹೋಗಿರುತ್ತಿತ್ತು. ಹತ್ತು ಸಲ ಹಾಗಾದ ಮೇಲೆ ಅವ್ವ ಗೋಡೆಯ ಕಡೆ ತಿರುಗಿಬಿಡುತ್ತಿದ್ದಳು.

ಗೌತಮ ಹೊಸ ಫೋನು ತಂದುಕೊಟ್ಟು ನೋಡಿದ್ದ. ಅದು ಅವ್ವನ ಹೆಬ್ಬೆರಳನ್ನು ಬೆರಳೆಂದೇ ಒಪ್ಪಲಿಲ್ಲ. ನಾಟಿಗೆ ನಿಂತವಳು ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ಹೆಬ್ಬೆರಳಿನಿಂದ ಎರಡೆರಡೇ ಬಿಡಿಸಿ ಬಲಗೈಗೆ ಕೊಡಬೇಕು. ಮೂವತ್ತು ವರ್ಷ ಹಾಗೆ ಬಿಡಿಸಿದ ಹೆಬ್ಬೆರಳು ಹಿಮ್ಮಡಿಯಂತೆ ಗಟ್ಟಿಯಾಗಿತ್ತು. ರೇಷನ್ ಅಂಗಡಿಯ ಮಿಷನ್ನಿಗೂ ಅದರ ಗುರುತು ಹತ್ತುತ್ತಿರಲಿಲ್ಲ. ಆದರೂ ಮೈಯಲ್ಲಿ ಬಲ ಉಳಿದದ್ದು ಅದರಲ್ಲೇ.

ಗೌತಮ ಹೋದ ಮರುದಿನ ನಾಗವೇಣಿ ಒಂದು ಸಂಗತಿ ಕಂಡಿದ್ದಳು. ಹೋದ ಮಳೆಗಾಲದ ಸಿಡಿಲಿಗೆ ಸತ್ತ ಟೀವಿಯ ರಿಮೋಟು ಅವ್ವನ ದಿಂಬಿನ ಪಕ್ಕವೇ ಇರುತ್ತಿತ್ತು. ಮಗಳು ಒಲೆಯ ಮುಂದೆ ಕೂತು ಗುನುಗುತ್ತಿದ್ದಾಗ ಅವ್ವ ಅದನ್ನೆತ್ತಿ ಹಾಡುತ್ತಿದ್ದ ಕಂಪ್ಯೂಟರಿನ ಕಡೆ ಹಿಡಿದು ಒತ್ತುತ್ತಿದ್ದಳು. ಗುನುಗಿನಲ್ಲಿ ತಪ್ಪು ಬಂದಾಗಲೆಲ್ಲ ಒತ್ತುತ್ತಿದ್ದಳು. ಕಂಪ್ಯೂಟರು ತನ್ನ ಪಾಡಿಗೆ ಹಾಡಿಕೊಂಡು ಹೋಗುತ್ತಿತ್ತು.

ಸಂಜೆಯೊಳಗೆ ನಾಗವೇಣಿ ಬಸ್ ನಿಲ್ದಾಣದ ಪಕ್ಕದ ವಲಿ ಪಾಷಾನ ಟೀವಿ ರಿಪೇರಿ ಅಂಗಡಿಯ ಮುಂದೆ ನಿಂತಿದ್ದಳು. ರಿಮೋಟನ್ನು ಮೇಜಿನ ಮೇಲಿಟ್ಟಳು.

"ಏನಾಗೇದ ಬೇಟಿ?"

"ಇದು ಹೇಳಿದ್ದು ಕಂಪ್ಯೂಟರಿಗಿ ಕೇಳಸ್ಬೇಕು."

ಮುದುಕ ನಕ್ಕ. "ಟೀವಿಗಿ ಕಣ್ಣಿರ್ತದ, ಕಾಣ್ತದ. ನಿಮ್ಮ ಕಂಪ್ಯೂಟರಿಗಿ ಕಣ್ಣೆಲ್ಲದವ್ವಾ?"

"ಸತ್ತ ಟೀವಿದು ಕಿತ್ತು ಹಚ್ಚಿದ್ರ?"

ವಲಿ ಪಾಷಾ ನಗು ನಿಲ್ಲಿಸಿ, ಕನ್ನಡಕ ಮೇಲೆ ಸರಿಸಿ ಅವಳನ್ನು ನೋಡಿದ. ಪಕ್ಕದ ಸ್ಟೂಲಿನ ಮೇಲಿದ್ದ ಸ್ಪೀಕರನ್ನು ಕೆಳಗಿಳಿಸಿದ. "ಕೂಡು."

ನಾಲ್ಕು ದಿನ ಅವಳು ಆ ಸ್ಟೂಲಿನ ಮೇಲೆ ಕೂತಳು. ಟೀವಿಯ ಕಣ್ಣೆಂದರೆ ಹುಣಸೆ ಬೀಜದಷ್ಟು ಕಪ್ಪು ಗುಬುಟು, ಅದಕ್ಕೆ ಮೂರು ಕಾಲು. ಒಂದು ಕರೆಂಟು ಉಣ್ಣಲು, ಒಂದು ನೆಲಕ್ಕೆ, ಒಂದು ಮಾತಿಗೆ. ಮೊದಲನೆಯ ಕಣ್ಣಿನ ಕಾಲು ಅದಲು ಬದಲು ಮಾಡಿದಳು. ಅದು ಅವಳ ಬೆರಳು ಸುಟ್ಟು ತಾನೂ ಸತ್ತಿತು. ಪಾಷಾ ಬೈಯಲಿಲ್ಲ. ತನ್ನ ಗುಜರಿಯಿಂದ ಇನ್ನೊಂದು ಹುಡುಕಿಕೊಟ್ಟ. ಬೆಂಕಿಪೊಟ್ಟಣಕ್ಕಿಂತ ಸಣ್ಣದೊಂದು ನೀಲಿ ಬಿಲ್ಲೆಯನ್ನೂ ಕೊಟ್ಟ. "ಕಣ್ಣು ಕಂಡದ್ದು ಈ ಬಿಲ್ಲಿಗಿ ಹೇಳ್ತದ. ಬಿಲ್ಲಿ ಹೋಗಿ ಕಂಪ್ಯೂಟರಿಗಿ, ನಾನು ಕೀಬೋರ್ಡು ಅಂತ ಸುಳ್ಳ ಹೇಳ್ತದ. ಅದು ಪಾಪ ನಂಬ್ತದ."

ಬಿಲ್ಲೆಗೆ ತುಂಬುವ ಬರಹವೆಲ್ಲ ಇಂಗ್ಲಿಷಿನಲ್ಲಿತ್ತು. ನಾಗವೇಣಿ ಓದಲಿಲ್ಲ, ಪಾಷಾನ ಕಂಪ್ಯೂಟರಿನಲ್ಲಿ ನೋಡಿ ನೋಡಿ ನೆಟ್ಟಳು. ಅಕ್ಷರದ ಪಕ್ಕ ಅಕ್ಷರ, ಸಾಲಿನ ಕೆಳಗೆ ಸಾಲು. ಎಲ್ಲೋ ಒಂದು ಚುಕ್ಕಿ ತಪ್ಪಿದ್ದಕ್ಕೆ ಅರ್ಧ ದಿನ ಹೋಯಿತು. ಕೊನೆಗೆ ರಿಮೋಟು ಒತ್ತಿದರೆ ಪರದೆಯ ಮೇಲೆ ನಂಬರು ಬೀಳತೊಡಗಿತು, ಗುಂಡಿಗೊಂದು ನಂಬರು. ನಡುವಿನ ಗುಂಡಿಗೆ ಹಾಡು ನಿಲ್ಲಬೇಕು, ಹೊರಡಬೇಕು. ಎಡಗಡೆಯದಕ್ಕೆ ಒಂದು ಸಾಲಿನಷ್ಟು ಹಿಂದೆ ಬರಬೇಕು. ನಂಬರುಗಳನ್ನು ಮುಂಗೈ ಮೇಲೆ ಬರೆದುಕೊಂಡು ಮನೆಗೆ ಬಂದು, ಕಣ್ಣನ್ನೂ ಬಿಲ್ಲೆಯನ್ನೂ ಕಂಪ್ಯೂಟರಿಗೆ ಹಚ್ಚಿದ್ದಳು.

ಈಗ ಅದೇ ಗುಂಡಿ, ಅದೇ ಕಣ್ಣು, ಜಪ್ಪೆನ್ನುತ್ತಿಲ್ಲ. ಪಾಷಾ ಹೇಳಿಕೊಟ್ಟಂತೆ ಫೋನಿನ ಕ್ಯಾಮರಾ ತೆರೆದು ರಿಮೋಟಿನ ಮೂತಿಯನ್ನು ನೋಡಿದಳು. ಬರಿಗಣ್ಣಿಗೆ ಕಾಣದ ಬೆಳಕು ಕ್ಯಾಮರಾದಲ್ಲಿ ನೇರಳೆಯಾಗಿ ಮಿಟುಕಿತು. ರಿಮೋಟಿನದು ತಪ್ಪಲ್ಲ. ಹಾಗಾದರೆ ಕಣ್ಣೇ ಕುರುಡಾಯಿತೆ?

"ಏನಬೇ ನಾಗಿ, ಸತ್ತ ಟೀವಿ ಎದ್ದು ಕುಂತಿಲ್ಲ ಇನ್ನಾ?" ಗುಂಪಿನ ದುರ್ಗಾ ಪಕ್ಕದ ಮನೆಯಿಂದ ಮಜ್ಜಿಗೆಗೆಂದು ತಂಬಿಗೆ ಹಿಡಿದು ಒಳಗೆ ಬಂದಳು. "ಯಕ್ಕಾ, ನಿನ್ನ ಮಗಳು ನಾಳಿಗಿ ನಮ್ಮ ರುಬ್ಬೋ ಕಲ್ಲಿಗೂ ರಿಮೋಟ್ ಹಚ್ತಾಳ ನೋಡು."

ಗೋಪಮ್ಮ ಸಿಟ್ಟಿಗೋ ಬೇಸರಕ್ಕೋ ಗುಂಡಿ ಒತ್ತಿದಳು. ಹಾಡು ಹೊರಟಿತು.

ದುರ್ಗಾ ಬೆಚ್ಚಿ ಒಂದು ಹೆಜ್ಜೆ ಸರಿದಳು. ಅವ್ವ ಮತ್ತೆ ಒತ್ತಿದಳು. ಹಾಡು ನಿಲ್ಲಲಿಲ್ಲ.

ನಾಗವೇಣಿ ದುರ್ಗಾಳ ಕಾಲು ನೋಡಿದಳು, ನೆಲ ನೋಡಿದಳು. "ಅಕ್ಕಾ, ಮೊದಲ ನಿಂತಲ್ಲೇ ನಿಂದ್ರು."

"ನಾನೇನು ಗಿಡ ಏನಬೇ, ನಿಂದ್ರಸಾಕ?" ಎನ್ನುತ್ತಲೇ ದುರ್ಗಾ ನಿಂತಳು. ಗುಂಡಿ ಒತ್ತಿದ ತಕ್ಷಣ ಹಾಡು ನಿಂತಿತು. ಸರಿದರೆ ಇಲ್ಲ, ನಿಂತರೆ ಉಂಟು. ನಾಗವೇಣಿ ತಲೆ ಎತ್ತಿದಳು. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲಕೋಲು ಸೀದಾ ಬಂದು ಆ ಹುಣಸೆ ಬೀಜದಂಥ ಕಣ್ಣಿನ ಮೇಲೆ ಬಿದ್ದಿತ್ತು. ಮುಂಜಾನೆ ಅದು ಗೋಡೆಯ ಮೇಲಿತ್ತು. ದುರ್ಗಾಳ ನೆರಳು ಬಿದ್ದಾಗ ಮಾತ್ರ ಕಣ್ಣು ಬಿಡುತ್ತಿತ್ತು.

"ಬಿಸಲಿಗಿ ಕಣ್ಣ ಕುಕ್ಕಾಕತ್ತೇದ," ಎಂದಳು ಮೆಲ್ಲಗೆ.

"ಕಿಂಡಿ ಮುಚ್ಚಿಬಿಡು ಮತ್ತ."

"ಕಿಂಡಿ ಮುಚ್ಚಿದ್ರ ಅವ್ವಗ ಗುಂಡಿ ಕಾಣಂಗಿಲ್ಲ." ಕಂಪ್ಯೂಟರು ಸರಿಸೋಣವೆಂದರೆ ಮನೆಯಲ್ಲಿ ಕರೆಂಟಿನ ಪ್ಲಗ್ಗು ಇದ್ದದ್ದು ಅದೊಂದೇ ಮೂಲೆಯಲ್ಲಿ.

ನಾಗವೇಣಿ ಗೂಟದ ಕಡೆ ನೋಡಿದಳು. ಅಲ್ಲಿ ಅವ್ವನ ಕೊಪ್ಪೆ ತೂಗುತ್ತಿತ್ತು. ಜಡಿಮಳೆಯಲ್ಲಿ ನಾಟಿಗೆ ಹೋಗುವಾಗ ತಲೆಯಿಂದ ಬೆನ್ನಿಗೆ ಇಳಿಬಿಟ್ಟುಕೊಳ್ಳುವ ಕರಿ ತಾಡಪತ್ರಿ. ಕತ್ತರಿ ಹಿಡಿದು ಅವ್ವನ ಮುಖ ನೋಡಿದಳು. ಗೋಪಮ್ಮ ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದು, ಗದ್ದ ಅಲ್ಲಾಡಿಸಿದಳು.

ಅಂಚಿನಿಂದ ಅಂಗೈಯಗಲ ಕತ್ತರಿಸಿ, ಗದ್ದೆಯ ಹೆಂಗಸರು ಮಡಚುವಂತೆಯೇ ಒಂದು ಮೂಲೆಯನ್ನು ಒಳಗೆ ತೂರಿ ಮಡಚಿದಳು. ಬೆರಳಷ್ಟು ಪುಟ್ಟ ಕೊಪ್ಪೆ ಆಯಿತು. ಅದನ್ನು ಕಣ್ಣಿಗೆ ಹೊದಿಸಿ, ಬಾಯಿ ಮಂಚದ ಕಡೆ ಬರುವಂತೆ ತಿರುಗಿಸಿ, ದಾರ ಸುತ್ತಿದಳು.

ಅಷ್ಟರಲ್ಲಿ ಗೌತಮ ಬಂದ. ಕೈಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ, ಹಗ್ಗ. "ವೈರ್ ಎಲ್ಲಾ ಬಿಚ್ಚೀಯೇನು ನಾಗಿ? ಎರಡರ ಬಸ್ಸಿಗಿ ಹೋಗ್ಬೇಕು." ಕೊಪ್ಪೆ ಕಂಡು ಹುಬ್ಬು ಗಂಟಿಕ್ಕಿದ. "ಇದೇನು ಗೊಂಬಿ?"

"ತಡಿ ಅಣ್ಣಾ."

ಅವನಿಗೆ ಅವಳು ತಡಿ ಎಂದದ್ದು ಅದೇ ಮೊದಲು. ಪೆಟ್ಟಿಗೆ ಹಿಡಿದುಕೊಂಡೇ ನಿಂತ.

ಗೋಪಮ್ಮ ಗುಂಡಿ ಒತ್ತಿದಳು. ಕೆಸರಿನಿಂದ ಕಾಲು ಕೀಳುವ ಸದ್ದು ಬಂತು. ಹಿಂದೆಯೇ ಅವಳದೇ ದನಿ, ಮೂರು ವರ್ಷ ಹಿಂದಿನದು, ತುಂಬಿದ ಕಾಲುವೆಯಂಥದು:

ಕಾಲುವಿ ಬಂತವ್ವ ಕಾಲ್ಗೆಜ್ಜಿ ಕಟಗೊಂಡು
ಸಾಲಿಡದು ನಿಂತೇವ ಬಾರವ್ವ — ಅರಕೇರಿ
ಬಾಲಿ ನೀನೊಬ್ಬಾಕಿ ಉಳಿಬ್ಯಾಡ

ಅವ್ವ ಒತ್ತಿದಳು. ಹಾಡು ಗಕ್ಕನೆ ನಿಂತಿತು. ಸುಡುವ ಬಿಸಿಲಕೋಲು ಕೊಪ್ಪೆಯ ಬೆನ್ನಿನ ಮೇಲೆ ಬಿದ್ದುಕೊಂಡಿತ್ತು. ಗೋಪಮ್ಮ ಮಗಳ ಕಡೆ ತಿರುಗಿ, ಗದ್ದೆಯಲ್ಲಿ ಸೊಲ್ಲು ಎತ್ತಿಕೊಳ್ಳಿರೆಂದು ನೋಡುತ್ತಿದ್ದಂತೆ, ನೋಡಿದಳು.

ಅಣ್ಣ ಇದ್ದ. ಬಾಗಿಲಲ್ಲಿ ದುರ್ಗಾ ಇದ್ದಳು. ನಾಗವೇಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹಾಡಿದಳು. "ಅರಕೇರಿ" ಎನ್ನುವಲ್ಲಿ ದನಿ ಕೆಳಗಿಳಿಯಿತು. ಅವ್ವನ ಹೆಬ್ಬೆರಳು ಎಡಗಡೆಯ ಗುಂಡಿಗೆ ಹೋಯಿತು. ಹಾಡು ಒಂದು ಸಾಲು ಹಿಂದೆ ಬಂತು, ಸರಿಯಾಗಿ ಅಲ್ಲಿಗೇ; ಅವ್ವ ಆ ಸಾಲನ್ನು ಕೇಳಿಸಿ ನಿಲ್ಲಿಸಿದಳು. ಮತ್ತೆ ಹಾಡಿದಳು. ಮತ್ತೆ ಹಿಂದೆ. ಮೂರನೆಯ ಸಲ, ಐದನೆಯ ಸಲ. ಏಳನೆಯ ಸಲ ಇಪ್ಪತ್ತು ಸೊಲ್ಲುಗಳ ಅಡಿಯಲ್ಲಿ ಅವ್ವನ ದನಿ ಏರುವುದು ಕೇಳಿಸಿತು. ನಾಗವೇಣಿ ಕಣ್ಣು ಮುಚ್ಚಿ ಅದರ ಹಿಂದೆಯೇ ಹತ್ತಿದಳು. ದನಿ ಮಾಳಿಗೆಗೆ ತಾಕಿ, ಬೆಳಕಿಂಡಿಯಿಂದ ಹೊರಗೆ ಹೋಯಿತು.

ಹೆಬ್ಬೆರಳು ಹಿಂದಕ್ಕೆ ಹೋಗಲಿಲ್ಲ. ನಡುವಿನ ಗುಂಡಿ ಒತ್ತಿತು. ಹಾಡು ಮುಂದೆ ನಡೆಯಿತು.

"ಯಕ್ಕಾ!" ಎಂದಳು ದುರ್ಗಾ, ತಂಬಿಗೆಯನ್ನು ಹೊಸ್ತಿಲ ಮೇಲೆ ಇಟ್ಟು. "ಥೇಟ್ ನೀನೇ." ಮುಂದಿನ ಸೊಲ್ಲಿಗೆ ಅವಳೂ ದನಿ ಸೇರಿಸಿದಳು. ಗೌತಮ ಕೊಪ್ಪೆಯ ಹತ್ತಿರ ಬಗ್ಗಿ, ಒಳಗಿನ ಕಣ್ಣನ್ನು ಬಹಳ ಹೊತ್ತು ನೋಡಿದ. ಆಮೇಲೆ ರಟ್ಟಿನ ಪೆಟ್ಟಿಗೆಯನ್ನು ತುಳಿದು ಚಪ್ಪಟೆ ಮಾಡಿ, ನೆಲಕ್ಕೆ ಹಾಸಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಎರಡರ ಬಸ್ಸು ಹೋಯಿತು.

ನಾಲ್ಕನೆಯ ಹಾಡು ಮುಗಿಯುವ ಹೊತ್ತಿಗೆ ಬಿಸಿಲಕೋಲು ಮಂಚದ ಕಾಲಿಗೆ ಬಂದಿತ್ತು. ಗೋಪಮ್ಮನ ಹೆಬ್ಬೆರಳು, ಕಟ್ಟಿನಿಂದ ಮುಂದಿನ ಸಸಿ ಬಿಡಿಸುವ ಹಾಗೆ, ಗುಂಡಿಯಿಂದ ಗುಂಡಿಗೆ ಸರಿಯಿತು.

"ಯವ್ವಾ, ಗಂಟಲ ಒಣಗೇದ. ಒಂದ್ ಗುಟುಕು ನೀರ ಕುಡಿತೀನಿ, ತಡಿ," ಎಂದಳು ನಾಗವೇಣಿ.

ಕಂಪ್ಯೂಟರಿನಲ್ಲಿ ಆಗಲೇ ಕೆಸರಿನಿಂದ ಕಾಲು ಕೀಳುವ ಸದ್ದು ಶುರುವಾಗಿತ್ತು.