ಇಪ್ಪತ್ತೊಂದನೆಯವಳು

ಅಕ್ಕ ತನ್ನ ಬಲಗಾಲನ್ನು ಚಿತಾಗಾರದ ಗೇಟಿನ ಸಂದಿಯಲ್ಲಿ ತೂರಿಸಿಯೇಬಿಟ್ಟಳು. ಕಾವಲುಗಾರ ಗೇಟು ದಬ್ಬಿದ. ಅವಳು ಕಾಲು ತೆಗೆಯಲಿಲ್ಲ. ಆನೆ ಬಂದು ದಬ್ಬಿದ್ದರೂ ತೆಗೆಯುತ್ತಿರಲಿಲ್ಲವೆನ್ನಿ.

"ಅಮ್ಮಾ, ಸೋಂಕಿನ ಕಾಲ. ಇಪ್ಪತ್ತೇ ಜನ ಅಂತ ರೂಲ್ಸು. ಇಪ್ಪತ್ತೂ ಆಯ್ತು."

"ಒಳಗೆ ಮಲಗಿರೋನು ನನ್ನ ತಮ್ಮ ಕಣಪ್ಪಾ. ಎತ್ತಿ ಆಡಿಸಿದೋಳು ನಾನು. ಒಂದ್ಸಲ ಮುಖ ನೋಡಿ ಬಂದ್ಬಿಡ್ತೀನಿ."

"ಒಳಗಿರೋ ಇಪ್ಪತ್ತು ಜನಾನೂ ಹಂಗೇ ಅಂದ್ರು."

ಆಸ್ಪತ್ರೆಯಲ್ಲಿ ತಮ್ಮನ ಕನ್ನಡಕ ಇಸಿದುಕೊಳ್ಳಲು ನಿಂತು ಅವಳಿಗೆ ತಡವಾಗಿತ್ತು. ಅಷ್ಟರಲ್ಲಿ ಹೊಸದಾಗಿ ಗೆದ್ದ ವಾರ್ಡ್ ಸದಸ್ಯ ಹತ್ತೊಂಬತ್ತು ಹಿಂಬಾಲಕರ ಸಮೇತ ಬಂದು ಅಂಗಳವನ್ನೇ ಗುತ್ತಿಗೆ ಹಿಡಿದಿದ್ದ. ಮದುವೆಯಿಲ್ಲದ, ಅಕ್ಕನನ್ನು ಬಿಟ್ಟರೆ ದಿಕ್ಕಿಲ್ಲದ ಡ್ರಾಯಿಂಗ್ ಮೇಷ್ಟ್ರಿಗೆ ಒಂದೇ ಬೆಳಿಗ್ಗೆ ಇಪ್ಪತ್ತು ಜನ ಬಂಧುಗಳು ಹುಟ್ಟಿದ್ದರು!

ಸದಸ್ಯನ ಏಜೆಂಟು ಮೊಬೈಲು ಎತ್ತಿ ಹಿಡಿದಿದ್ದ. "ಚುನಾವಣೆ ಡ್ಯೂಟಿ ಮಾಡಿ ಹೋದ ಜೀವ. ಚೆನ್ನಾಗಿ ಅಳ್ರೋ!"

"ಮಾಸ್ಕ್ ಹಾಕ್ಕೊಂಡು ಅತ್ರೆ ಹೆಂಗೆ ಕಾಣುತ್ತಣ್ಣಾ?"

"ಭುಜ ಅಲ್ಲಾಡಿಸ್ರೋ."

ಆ ಏಜೆಂಟಿನ ಮೋರೆ ಅಕ್ಕನಿಗೆ ಗುರುತಿತ್ತು.

*

ಮತದಾನಕ್ಕೆಂದು ಶಾಲೆಯ ಮುಂದೆ ತಮ್ಮನೇ ಆರಡಿಗೊಂದು ಸುಣ್ಣದ ವೃತ್ತ ಬರೆದಿದ್ದ. ಎಂಥಾ ವೃತ್ತ! ಹುಣ್ಣಿಮೆ ಚಂದ್ರ ಇಣುಕಿದ್ದರೆ ತನ್ನ ಸೊಟ್ಟಕ್ಕೆ ನಾಚಿ ಮೋಡ ಹೊದ್ದುಕೊಳ್ಳುತ್ತಿದ್ದ. ಹಣೆ ಬಿಸಿಯಿದ್ದವರು ಕೊನೆಯ ಗಂಟೆಯಲ್ಲಿ ಬರಬೇಕೆಂದು ನಿಯಮ. ಬಿಸಿಲಲ್ಲಿ ನಡೆದುಬಂದ ಅಕ್ಕನ ಹಣೆ ಕಾದಿತ್ತು.

"ಐದು ಗಂಟೆಗೆ ಬಾ," ಎಂದ ಮತಗಟ್ಟೆಯ ಡ್ಯೂಟಿಯಲ್ಲಿದ್ದ ತಮ್ಮ.

"ಇಷ್ಟು ವರ್ಷ ಅನ್ನ ಹಾಕಿದೋಳು ಕಣೋ ನಾನು!"

"ಅನ್ನ ಮನೇಲಿ ಅಕ್ಕ. ಇಲ್ಲಿ ನಿಯಮ."

ಐದಕ್ಕೆ ಬಂದಳು. ಕೋಣೆಯಲ್ಲಿ ಹೆಂಚು ಹಾರಿಹೋಗುವಂಥ ಕೆಮ್ಮು. ಮತಯಂತ್ರದ ಹಿಂದಿದ್ದ ಒಂದೇ ಒಂದು ಕಿಟಕಿಯನ್ನು ತೆರೆದಿಡಬೇಕೆಂದು ಮೇಲಿನವರ ಅಪ್ಪಣೆಯಿತ್ತು. ತಮ್ಮ ಅದಕ್ಕೆ ಚಿಲಕ ಜಡಿದಿದ್ದ.

"ಉಸಿರು ಕಟ್ಟುತ್ತೆ, ತೆಗೆಯೋ."

"ಆಚೆ ಮರದ ಮೇಲೆ ಏಜೆಂಟು ಹತ್ತಿ ಕೂತಿದಾನೆ. ತೆಗೆದ್ರೆ ನೀನು ಯಾರಿಗೆ ಒತ್ತಿದೆ ಅಂತ ಅವನಿಗೆ ಕಾಣುತ್ತೆ."

"ಕಂಡ್ರೆ ಕಾಣಲಿ. ಇವರೆಲ್ಲರ ಕೆಮ್ಮು ನೀನು ಕುಡಿದು ಸಾಯ್ತೀಯಾ?"

"ಒಂದು ಗಂಟೆಗೆ ಯಾರೂ ಸಾಯಲ್ಲ. ನಿನ್ನ ಓಟು ನಿನ್ನದು. ಹೋಗು, ಒತ್ತು."

ಒತ್ತಿ ಹೊರಗೆ ಬಂದಾಗ ಮರದ ಮೇಲಿನ ಮೋರೆ ಕಂಡಿತು. ಕೊನೆಯ ಕೆಮ್ಮು ಓಟು ಹಾಕಿ ಹೋಗುವವರೆಗೂ ಅವನು ಅಲ್ಲೇ ಕೂತಿದ್ದ.

*

ಸದಸ್ಯನ ತಲೆಯ ಮೇಲೆ ಕೊಡೆ ಹಿಡಿದಿದ್ದವನು ಒಂದೇ ಒಂದು ಸಲ ಕೆಮ್ಮಿದ. ಹುಲಿ ನುಗ್ಗಿದಂತೆ ಎಲ್ಲರೂ ಹಿಂದಕ್ಕೆ ಹಾರಿದರು. "ಧೂಳಿಗೆ ಕಣ್ರೋ, ಧೂಳಿಗೆ!" ಎನ್ನುತ್ತಿದ್ದವನನ್ನು ಗೇಟಿನಾಚೆ ಅಟ್ಟಿದರು.

"ಕೊಡೆ ಹಿಡಿಯೋರು ಯಾರಾದ್ರೂ ಬನ್ರಪ್ಪಾ, ಸಾಹೇಬ್ರು ಕರಗಿಹೋಗ್ತಾರೆ!" ಏಜೆಂಟು ಕೂಗಿದ.

"ನಾನು ಹಿಡೀತೀನಿ," ಎಂದಳು ಅಕ್ಕ.

ಕಾವಲುಗಾರ ಗೇಟು ತೆರೆದ. "ಈಗ ಲೆಕ್ಕ ಸರಿ. ಕೊಡೆ ಬಿಟ್ರೆ ಮಾತ್ರ ಹೊರಗೆ ಹಾಕ್ತೀನಿ."

ಮದುವೆ ಚಪ್ಪರದಷ್ಟಗಲದ ಕೊಡೆ. ಎರಡೂ ಕೈ ಬೇಕು. ಮೇಷ್ಟ್ರನ್ನು ಸುತ್ತಿದ್ದ ಚೀಲ ಹತ್ತು ಹೆಜ್ಜೆ ದೂರದಲ್ಲಿತ್ತು. ಸದಸ್ಯ ಅಲ್ಲೇ ನಿಂತುಬಿಟ್ಟ.

"ಸ್ವಾಮಿ, ಇನ್ನು ನಾಕು ಹೆಜ್ಜೆ ಮುಂದೆ ಹೋಗಿ," ಎಂದು ಪಿಸುಗುಟ್ಟಿದಳು.

"ಯಾಕಮ್ಮಾ?"

"ನಾನು ಅವನ ಅಕ್ಕ."

"ಹೌದಾ!" ಸದಸ್ಯ ಮೊಬೈಲಿನ ಕಡೆ ತಿರುಗಿದ. "ನೋಡಿ, ಮೇಷ್ಟ್ರ ಅಕ್ಕನೇ ನಮ್ಮ ಜೊತೆ ಬಂದಿದಾರೆ. ಅವರ ಮನೆ ಯಾವಾಗ್ಲೂ ನಮ್ಮ ಪಕ್ಷಾನೇ."

ಅವಳ ಕಣ್ಣೀರು ಮಾಸ್ಕಿನೊಳಗೆ ಇಳಿಯಿತು.

"ಅಮ್ಮಾ, ಅಳ್ಬೇಡಿ," ಎಂದ ಏಜೆಂಟು. "ಕೊಡೆ ಅಲ್ಲಾಡುತ್ತೆ."

ಒಲೆಯ ಬಾಯಲ್ಲಿ ನಿಂತಿದ್ದ ಕೆಲಸಗಾರ ಚೀಲದ ಜಿಪ್ಪಿಗೆ ಕೈಹಚ್ಚಿ ಕೇಳಿದ: "ಮುಖ ನೋಡೋರು ಯಾರಾದ್ರೂ ಇದ್ರೆ ಹತ್ತಿರ ಬನ್ನಿ."

"ನಾನು..." ಎಂದಳು ಅಕ್ಕ. "ಮೇಷ್ಟ್ರು ಅಮರ!" ಎಂದು ಹತ್ತೊಂಬತ್ತು ಗಂಟಲು ಒಟ್ಟಿಗೆ ಬಿರಿದವು. ಕೆಲಸಗಾರ ಜಿಪ್ಪಿನಿಂದ ಕೈ ತೆಗೆದ.

ಫೋಟೋ ಮುಗಿದಿತ್ತು. ಸದಸ್ಯ ಕೊಡೆಯ ಹಿಡಿಯನ್ನು ಅವಳ ಕೈ ಸಮೇತ ಹಿಡಿದು ಕಾರಿನ ಕಡೆ ಹೊರಟ. ಅಕ್ಕ ಚೀಲದಿಂದ ಕಣ್ಣು ಕೀಳದೆ ಹಿಂದುಹಿಂದಕ್ಕೆ ನಡೆದಳು. ಚೀಲ ಒಲೆಯೊಳಗೆ ಸರಿಯಿತು. ಒಲೆಯ ಕಬ್ಬಿಣದ ಬಾಗಿಲು ಮೇಲಿನಿಂದ ಇಳಿಯತೊಡಗಿತು. ಅದು ನೆಲ ಮುಟ್ಟುವವರೆಗೂ ಸದಸ್ಯನ ತಲೆಯ ಮೇಲೆ ಒಂದು ಚೂರು ಬಿಸಿಲೂ ಬೀಳಲಿಲ್ಲ.