ತಿಮ್ಮಕ್ಕನ ಮುಖಕ್ಕೆ ಬೇಕಾದ ಕಪ್ಪು

ಶಂಭುಲಿಂಗಯ್ಯನವರ ಕೊಬ್ಬರಿ ಮಂಡಿಯ ಗೋಡೆಗೆ ಹಾಕಿದ ದೊಡ್ಡ ಫೋಟೋದಲ್ಲಿ ತಿಮ್ಮಕ್ಕನ ಮುಖವನ್ನು ಬೆಳ್ಳಗೆ ಮಾಡಿದ್ದರು.

ಫೋಟೋ ತೆಗೆದವಳು ತಿಪಟೂರಿನಲ್ಲಿ ಸ್ಟುಡಿಯೋ ಇಟ್ಟಿರುವ ಪದ್ಮಶ್ರೀ. ಪ್ರಿಂಟು ಹಾಕಿಸಿದವರು ಮಾತ್ರ ಸಾಹುಕಾರರು, ಬೇರೆ ಊರಿನ ಯಾವುದೋ ಲ್ಯಾಬಿನಲ್ಲಿ. ಕರಟ ಒಡೆದು, ಒಳಗಿನ ಉಂಡೆಗೆ ಒಂದು ಗೀರೂ ಬೀಳದಂತೆ ಕೊಬ್ಬರಿ ಬಿಡಿಸುವುದರಲ್ಲಿ ತಿಮ್ಮಕ್ಕನನ್ನು ಮೀರಿಸುವವರು ಆ ಮಂಡಿಯಲ್ಲಿರಲಿಲ್ಲ. ಆ ಕೈ ನೋಡಿಯೇ ಪದ್ಮಶ್ರೀ ಕ್ಯಾಮೆರಾ ಎತ್ತಿದ್ದಳು. ಈಗ ಗೋಡೆಯ ಮೇಲೆ ಕೈ ತಿಮ್ಮಕ್ಕನದೇ, ಮುಖ ಯಾರದೋ.

"ಯಾವ ಪೌಡ್ರು ಹಾಕ್ದೆ ತಿಮ್ಮಕ್ಕ? ನಮ್ಗೂ ಒಂಚೂರು ಕೊಡೇ" ಎಂದು ಜೊತೆಯ ಹೆಂಗಸರು ನಕ್ಕರು. ತಿಮ್ಮಕ್ಕನೂ ನಕ್ಕಳು. ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ.

ಸುದ್ದಿ ತಿಳಿದ ಪದ್ಮಶ್ರೀ ಮಂಡಿಗೇ ಬಂದಳು. "ಅದನ್ನ ಇಳ್ಸಿ ಸಾವ್ಕಾರ್ರೇ. ನಾನೇ ಕಪ್ಪು-ಬಿಳುಪಲ್ಲಿ ಪ್ರಿಂಟ್ ಹಾಕ್ಕೊಡ್ತೀನಿ."

"ಹಾಕಮ್ಮ. ಹಳೇ ಕಾಲದ ಥರ ಲಕ್ಷಣವಾಗಿರ್ತದೆ" ಎಂದರು ಶಂಭುಲಿಂಗಯ್ಯ.

ಅಂದಿನಿಂದ ತಿಮ್ಮಕ್ಕ ಕೆಲಸ ಮುಗಿಸಿ, ತನ್ನೂರು ದಂಡಿನಶಿವರದ ಬಸ್ಸು ಬರುವವರೆಗೆ ಸ್ಟುಡಿಯೋದಲ್ಲಿ ಕೂರತೊಡಗಿದಳು. ತನ್ನ ಮುಖಕ್ಕಾಗಿ ಒಬ್ಬಳು ಇಷ್ಟು ಒದ್ದಾಡುವುದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಸ್ಟುಡಿಯೋದ ಮಾಮೂಲಿ ಪ್ರಿಂಟರು ಬಣ್ಣದ ಇಂಕುಗಳನ್ನು ಬೆರೆಸಿ ಕಪ್ಪು ಮಾಡುತ್ತಿತ್ತು. ಆ ಕಪ್ಪು ಟ್ಯೂಬ್‌ಲೈಟಿನಲ್ಲಿ ಹಸಿರು, ಬಿಸಿಲಿಗೆ ಹಿಡಿದರೆ ಕೆಂಪು. "ಗೋಸುಂಬೆ ಆಗೋದ್ನಲ್ಲವ್ವ" ಎಂದಳು ತಿಮ್ಮಕ್ಕ.

ಮೂಲೆಯಲ್ಲಿ ಇನ್ನೊಂದು ಪ್ರಿಂಟರು ಸತ್ತು ಬಿದ್ದಿತ್ತು. ಒಳ್ಳೆಯ ಕರಿ ಇಂಕು ಅಂದರೂ ಇದ್ದಿಲ ಪುಡಿಯಂಥದ್ದೇ ಅಲ್ಲವೇ, ನಮ್ಮೂರಿನ ಕರಟಕ್ಕೇನು ಕಡಿಮೆ ಎಂದು ಪದ್ಮಶ್ರೀ ಹಿಂದೊಮ್ಮೆ ತಿಮ್ಮಕ್ಕನಿಂದ ಕರಟ ತರಿಸಿ ಸುಟ್ಟು, ಮಿಕ್ಸಿಯಲ್ಲಿ ಅರೆದು, ಬಟ್ಟೆಯಲ್ಲಿ ಸೋಸಿ ಅದಕ್ಕೆ ಸುರಿದಿದ್ದಳು. ಇಂಕು ಚಿಮ್ಮುವ ತೂತುಗಳೆಲ್ಲ ಕಟ್ಟಿಕೊಂಡವು.

"ಒಳ್ಳೇ ಕರಟಾನೇ ಆರ್ಸಿ ಕೊಟ್ಟಿದ್ನಲ್ಲೇ?"

"ಕರಟದ್ದೇನೂ ತಪ್ಪಿಲ್ಲ ಬುಡು ತಿಮ್ಮಕ್ಕ. ತಪ್ಪು ನನ್ ಮಿಕ್ಸೀದು."

ಈ ಸಲ ಅವಳು ಮಾಮೂಲಿ ಪ್ರಿಂಟರಿನ ಬಣ್ಣಗಳನ್ನೆಲ್ಲ ತೊಳೆದು ತೆಗೆದು, ಬರೀ ಕಪ್ಪಿನ ಇಂಕುಗಳನ್ನು ತರಿಸಿ ಒಂದೊಂದಾಗಿ ತುಂಬಿ ನೋಡಿದಳು. ಒಂದು ಕಪ್ಪಿನಲ್ಲಿ ನೀಲಿಯ ಛಾಯೆಯಿತ್ತು. ಮುಖ ಹೆಣದ ಹಾಗೆ ತಣ್ಣಗಾಯಿತು. ಇನ್ನೊಂದು ಸತ್ತವರ ಹಳೇ ಫೋಟೋದ ಹಾಗೆ ಕಂದು ಬಣ್ಣಕ್ಕೆ ತಿರುಗಿತು. "ಹಾರ ಹಾಕೋದೊಂದು ಬಾಕಿ" ಎಂದು ತಿಮ್ಮಕ್ಕನೇ ಅದನ್ನು ಆಚೆಗಿಟ್ಟಳು. ಮೂರನೆಯದು ಅಪ್ಪಟ ಕರಿ. ಯಾವ ಬೆಳಕಿಗೆ ಹಿಡಿದರೂ ತನ್ನ ಬಣ್ಣ ಬಿಡಲಿಲ್ಲ. ಆದರೆ ಕೆನ್ನೆ, ಕಣ್ಣಿನ ಗುಳಿ, ಸೆರಗು ಎಲ್ಲ ಸೇರಿ ಒಂದೇ ಮಸಿಮುದ್ದೆ.

"ಕಪ್ಪು ಒಂದೇ ಅಲ್ಲ ಕಣಕ್ಕ. ನಿನ್ ಮುಖದಲ್ಲಿ ಎಷ್ಟು ಥರದ ಕಪ್ಪೈತೋ ಅಷ್ಟು ಬಾಟ್ಲಿ ಬೇಕು."

ಇಂಕು ಮಾರುವವನ ಬಳಿ ಬೆಳ್ಳನೆಯ ಕೆನ್ನೆಗೆ ಬೇಕಾದ ತೆಳು ಬೂದು ಇಂಕುಗಳು ತಯಾರಿದ್ದವು. ಕಪ್ಪಿನ ಹತ್ತಿರದ ಬೂದು ಯಾರೂ ಕೇಳುವುದಿಲ್ಲವಂತೆ, ಅವನು ಇಟ್ಟೇ ಇರಲಿಲ್ಲ. ಪದ್ಮಶ್ರೀ ಅಪ್ಪಟ ಕರಿಗೆ ಬಣ್ಣವಿಲ್ಲದ ದ್ರವ ಬೆರೆಸಿ ತಾನೇ ಮಾಡಿಕೊಂಡಳು. ಸಿರಿಂಜಿನಲ್ಲಿ ಎಳೆದು, ತೊಟ್ಟಿಕ್ಕಿಸಿ, ಕಾಗದದ ಪಟ್ಟಿಯ ಮೇಲೆ ಅಚ್ಚು ಹಾಕಿ, ಒಣಗಲು ಬಿಟ್ಟು, ಮಾರನೆಯ ದಿನ ಬಾಗಿಲ ಬಿಸಿಲಿಗೆ ಹಿಡಿಯುವಳು. ಸರಿಯಿಲ್ಲದಿದ್ದರೆ ಗೊಣಗದೆ ಮತ್ತೆ ಮೊದಲಿನಿಂದ. ಬೂದುಗಳು ಒಂದರೊಳಗೊಂದು ಅಂಚು ಕಾಣದಂತೆ ಕರಗುವವರೆಗೆ ಅವಳು ಬಿಡಲಿಲ್ಲ. ಎಂಥ ಹಟದವಳನ್ನು ಹೆತ್ತಳಪ್ಪ ಇವಳವ್ವ ಎಂದು ತಿಮ್ಮಕ್ಕ ಬೆರಗಾದಳು. ಎಷ್ಟೋ ಸಂಜೆ ಬಸ್ಸನ್ನೇ ಬಿಟ್ಟಳು.

ದೊಡ್ಡ ಪ್ರಿಂಟು ಒಣಗಿ ಸ್ಟುಡಿಯೋದ ಗೋಡೆಗೇರಿದ ದಿನ ತಿಮ್ಮಕ್ಕ ಅದರ ಮುಂದೆ ಹೋಗಿ ನಿಂತಳು. ಕೆನ್ನೆಯ ಮೇಲೆ ಬೆವರು ಇಳಿದ ಗೆರೆ. ಕಣ್ಣ ಕೆಳಗಿನ ಕಪ್ಪಿನೊಳಗೆ ಇನ್ನೂ ಆಳದ ಕಪ್ಪು. ಎಲ್ಲ ಬೇರೆ ಬೇರೆ, ಎಲ್ಲ ತನ್ನದೇ.

"ಇವ್ಳು ನಾನು ಕಣೇ" ಎಂದಳು ಮೆಲ್ಲಗೆ.

ಶಂಭುಲಿಂಗಯ್ಯ ಬಂದು ನೋಡಿ ತಲೆದೂಗಿದರು. "ಕೆಲ್ಸ ಚೆನ್ನಾಗೈತಮ್ಮ. ಆದ್ರೆ ಬಲೇ ಕತ್ಲೆ. ಹೊರಗಡೆ ವ್ಯಾಪಾರಸ್ತರು ಬತ್ತಾರೆ, ಮುಖ ಒಂಚೂರು ತಿಳಿ ಮಾಡ್ಬುಡು."

"ಮುಖ ಅವರ್ದು. ಅವರನ್ನೇ ಕೇಳಿ" ಎಂದಳು ಪದ್ಮಶ್ರೀ.

ಸಾಹುಕಾರರು ತಿಮ್ಮಕ್ಕನ ಕಡೆ ತಿರುಗಿದರು. "ಹೇಳು ತಿಮ್ಮಕ್ಕ, ತಿಳಿ ಮಾಡು ಅಂತ. ನಾಳೆ ಮಂಡಿಗೆ ಕೆಲ್ಸಕ್ಕೆ ಬರೋಳಲ್ವಾ ನೀನು?"

ತಿಮ್ಮಕ್ಕ ಅವರನ್ನು ನೋಡಿದಳು. ಗೋಡೆಯ ಮೇಲಿನವಳೂ ನೋಡುತ್ತಿದ್ದಳು.

"ಕೆಲ್ಸಕ್ಕೆ ಬತ್ತೀನಿ ಸಾವ್ಕಾರ್ರೇ. ಇದನ್ನ ಮಾತ್ರ ಹೇಳಕ್ಕಿಲ್ಲ."